ಕಿವಿಮನೆಯ ಬಯೋಸ್

ನಾಗರಕುಪ್ಪಕ್ಕೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮನೆಯ ಮಾಲೀಕರು ಮೊದಲು ತೋರಿಸುವುದು ಮೈದಾನಕ್ಕೆ ಹೋಗುವ ದಾರಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಸದ ಗಾಡಿ ಯಾವಾಗ ಬರುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು.

ಊರಿನ ಕೆಳಗೆ ಮೂರು ಕಿಲೋಮೀಟರ್ ಆಳದವರೆಗೂ ಚಿನ್ನದ ಗಣಿ. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಅಗೆದು ಬಿಟ್ಟ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ನೀರು ಒಳಗಿನಿಂದ ಒತ್ತುತ್ತದೆ, ಮೇಲಿನ ಭಾರ ಕೆಳಕ್ಕೆ ಒತ್ತುತ್ತದೆ, ಎಲ್ಲೋ ಒಂದು ಕಡೆ ತಾಳಲಾರದೆ ಬಂಡೆ ಒಡೆಯುತ್ತದೆ. ಒಡೆದಾಗ ಮೇಲಿನ ನೆಲ ಎದ್ದು ಬಿದ್ದಂತಾಗುತ್ತದೆ. ಗಣಿಯಲ್ಲಿ ದುಡಿದವರು ಇದನ್ನು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಅನ್ನುವುದೂ ಹಾಗೆಯೇ.

ಒಡೆಯುವ ಮೊದಲು ಬಂಡೆ ಸುಮಾರು ಐವತ್ತು ನಿಮಿಷ ಸಣ್ಣಗೆ ಕಿರಗುಟ್ಟುತ್ತದೆ, ಮನುಷ್ಯರ ಕಿವಿಗೆ ಕೇಳದಷ್ಟು ಸಣ್ಣಗೆ. ವಾಮನ ಕಾಮತ್ ಎಂಬ ಪ್ರೊಫೆಸರು ಇದನ್ನು ಕಂಡುಕೊಂಡು, ಗಣಿಯ ಹಳೆಯ ಬಾವಿಗಳಲ್ಲಿ ನಲವತ್ತೆಂಟು ಮೈಕುಗಳನ್ನು ಇಳಿಬಿಟ್ಟರು. ತೊಂದರೆಯೆಂದರೆ ಬಂಡೆ ದಿನವೂ ಕಿರಗುಟ್ಟುತ್ತಲೇ ಇರುತ್ತದೆ. ಯಾವ ಸದ್ದು ಬರೀ ಗೊಣಗಾಟ, ಯಾವುದು ಒಡೆಯುವ ಸದ್ದು ಎಂದು ಬೇರೆ ಮಾಡುವುದನ್ನು ಒಂದು ಕಂಪ್ಯೂಟರಿಗೆ ಕಲಿಸಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಅನುಮಾನದ ಸದ್ದು ಕೇಳಿದೊಡನೆ ಕಂಪ್ಯೂಟರು ಒಂಬತ್ತು ನಿಮಿಷ ಲೆಕ್ಕ ಹಾಕುತ್ತದೆ. ಒಡೆಯುತ್ತದೆ ಎಂದು ಕಂಡರೆ ಸೈರನ್ ಕೂಗುತ್ತದೆ. ಜನರ ಕೈಯಲ್ಲಿ ಆಗ ನಲವತ್ತು ನಿಮಿಷ ಉಳಿದಿರುತ್ತದೆ. ಮನೆ ಬಿಟ್ಟು ಮೈದಾನಕ್ಕೆ ಬಂದು ಕೂರುವುದಕ್ಕೆ ಅಷ್ಟು ಧಾರಾಳ.

ಮೊದಲ ಆರು ವರ್ಷದಲ್ಲಿ ಇಪ್ಪತ್ತೇಳು ಸಲ ಕೂಗಿತ್ತು. ಇಪ್ಪತ್ತೇಳು ಸಲವೂ ನೆಲ ನಡುಗಿತ್ತು. ಊರಿನವರು ಕಂಪ್ಯೂಟರಿಗೆ ‘ಕಿವಿ’ ಎಂದೂ ಅದನ್ನು ಇಟ್ಟಿದ್ದ ಕಟ್ಟಡಕ್ಕೆ ‘ಕಿವಿಮನೆ’ ಎಂದೂ ಹೆಸರಿಟ್ಟುಕೊಂಡರು. ಬಾಣಂತಿಯರ ಮನೆಯಲ್ಲಿ ಬಾಗಿಲ ಬಳಿಯೇ ಒಂದು ಚೀಲ ಸಿದ್ಧವಾಗಿರುತ್ತಿತ್ತು. ಶಾಲೆಯ ಮೇಷ್ಟ್ರುಗಳು ಕರಿಹಲಗೆಯನ್ನೂ ಹೊತ್ತುಕೊಂಡು ಬಂದು ಮೈದಾನದಲ್ಲೇ ಪಾಠ ಮುಂದುವರಿಸುತ್ತಿದ್ದರು.

ಮುನಿರತ್ನ ಕಿವಿಮನೆಯ ತಂತ್ರಜ್ಞೆ. ನಲವತ್ತಮೂರು ವರ್ಷದವಳು, ಹುಟ್ಟಿದ್ದು ಅದೇ ಊರಿನಲ್ಲಿ. ಪ್ರೊಫೆಸರ್ ಕಾಮತ್ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಕಿವಿಯ ಒಳಹೊರಗು ತಿಳಿದವಳೆಂದರೆ ಇವಳೊಬ್ಬಳೇ. ಜೊತೆಗೆ ಕರೆಂಟು, ಬ್ಯಾಟರಿ, ಜನರೇಟರ್ ನೋಡಿಕೊಳ್ಳಲು ಯಾಕೂಬ್ ಇದ್ದ. ಐವತ್ತಾರರ ಆಸಾಮಿ, ಮಾತು ಕಮ್ಮಿ.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮುನಿರತ್ನ ಕೆಲಸಕ್ಕೆ ಬಂದು ಮೇಲ್ ತೆರೆದಾಗ, ಕಂಪ್ಯೂಟರಿನ ಮದರ್‌ಬೋರ್ಡ್ ತಯಾರಿಸಿದ ಕಂಪನಿಯಿಂದ ಒಂದು ನೋಟೀಸು ಬಂದಿತ್ತು. ಆ ಬೋರ್ಡನ್ನು ಕಂಪನಿ ಮಾಡುವುದು ನಿಲ್ಲಿಸಿ ಐದು ವರ್ಷವಾಗಿತ್ತು. ಆದರೂ ಅದಕ್ಕೆಂದು ಹೊಸ ಬಯೋಸ್ ಬಿಟ್ಟಿದ್ದರು. ಇದೇ ಕೊನೆಯದು, ಇನ್ನು ಮುಂದೆ ಯಾವುದೂ ಬರುವುದಿಲ್ಲ ಎಂದೂ ಬರೆದಿದ್ದರು.

ಬಯೋಸ್ ಅಂದರೆ ಬೋರ್ಡಿನ ಮೇಲೇ ಕೂತಿರುವ ಪುಟ್ಟ ಪ್ರೋಗ್ರಾಂ. ಸ್ವಿಚ್ ಒತ್ತಿದಾಗ ಎಲ್ಲಕ್ಕಿಂತ ಮೊದಲು ಏಳುವುದು ಅದು. ಎದ್ದು ಮಿಕ್ಕವರನ್ನೆಲ್ಲ ಎಬ್ಬಿಸುತ್ತದೆ; ಪ್ರೊಸೆಸರಿಗೆ ಎಷ್ಟು ವೋಲ್ಟೇಜ್ ಕೊಡಬೇಕು ಎನ್ನುವುದನ್ನೂ ಹೇಳುತ್ತದೆ. ಹಳೆಯ ಬಯೋಸ್ ಬೇಕಾದ್ದಕ್ಕಿಂತ ತುಸು ಹೆಚ್ಚು ವೋಲ್ಟೇಜ್ ಕೊಡಿಸುತ್ತಿತ್ತಂತೆ. ಅದರಿಂದ ಪ್ರೊಸೆಸರು ಒಳಗೊಳಗೇ ಸವೆಯುತ್ತದೆ. ಸವೆದ ಪ್ರೊಸೆಸರು ಕೆಟ್ಟು ನಿಲ್ಲುವುದಿಲ್ಲ, ಮಧ್ಯೆ ಮಧ್ಯೆ ತಪ್ಪು ಲೆಕ್ಕ ಕೊಡಬಹುದು. ಹೊಸ ಬಯೋಸ್ ಹಾಕಿದರೆ ಸವೆತ ಅಲ್ಲಿಗೆ ನಿಲ್ಲುತ್ತದೆ, ಆಗಲೇ ಆಗಿರುವುದು ಸರಿಹೋಗುವುದಿಲ್ಲ. ವೇಗ ಸ್ವಲ್ಪ ಇಳಿಯುತ್ತದೆ. ಹಾಕುವಾಗ ಕರೆಂಟು ಹೋದರೆ ಬೋರ್ಡು ಮತ್ತೆ ಏಳದಿರಬಹುದು.

ಮುನಿರತ್ನ ಕೊನೆಯ ವಾಕ್ಯವನ್ನು ಎರಡು ಸಲ ಓದಿದಳು. ಕಿವಿಗೆ ಬದಲಿ ಬೋರ್ಡು ಇರಲಿಲ್ಲ. ಇದ್ದ ಒಂದು ಬದಲಿ ಮೂರು ವರ್ಷದ ಹಿಂದೆಯೇ ಸುಟ್ಟುಹೋಗಿತ್ತು. ಮೈಕುಗಳ ತಂತಿ ಬಂದು ಸೇರುವ ಕಾರ್ಡು ಬೇರೆ ಯಾವ ಬೋರ್ಡಿಗೂ ಹೊಂದುವುದಿಲ್ಲ. ಪೂರ್ತಿ ಹೊಸ ವ್ಯವಸ್ಥೆಗೆ ಮುಖ್ಯ ಕಚೇರಿಯಲ್ಲಿ ಫೈಲು ಓಡಾಡುತ್ತಿತ್ತು, ಅದು ಕೈಗೆ ಬರಲು ಇನ್ನೂ ಒಂದೂವರೆ ವರ್ಷ ಬೇಕು ಎನ್ನುತ್ತಿದ್ದರು.

ಯಾಕೂಬ್ ಚಹಾ ತಂದಿಟ್ಟ. “ಏನಮ್ಮಾ ರತ್ನಮ್ಮ, ಮುಖ ಹಾಗೆ ಮಾಡ್ಕೊಂಡಿದೀರ?”

ಅವಳು ನೋಟೀಸನ್ನು ಓದಿ ಹೇಳಿದಳು. ಅವನು ಚಹಾ ಮುಗಿಯುವವರೆಗೆ ಯೋಚಿಸಿ, “ಹೋದ ತಿಂಗಳು ಎರಡು ಸಲ ಸುಮ್ಮಸುಮ್ಮನೆ ಕೂಗ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇನೋ?” ಎಂದ.

ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಆ ಎರಡು ಸುಳ್ಳು ಸೈರನ್ನುಗಳಿಂದ ಹೆಚ್ಚು ಸಿಟ್ಟಾಗಿದ್ದವರಲ್ಲಿ ಅವಳ ಗಂಡನೂ ಒಬ್ಬ. ಗಂಗಿರೆಡ್ಡಿಗೆ ಪೇಟೆಬೀದಿಯಲ್ಲಿ ಬೇಕರಿ. ಸೈರನ್ ಕೂಗಿದಾಗ ಒಲೆಯಲ್ಲಿದ್ದುದನ್ನು ಹಾಗೇ ಬಿಟ್ಟು ಓಡಬೇಕು, ನಿಯಮ ಹಾಗಿತ್ತು. ಎರಡು ಸಲವೂ ಬ್ರೆಡ್ಡು ಇದ್ದಿಲಾಗಿತ್ತು, ನೆಲ ಮಾತ್ರ ಅಲ್ಲಾಡಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅವಳು ವಿಷಯ ತೆಗೆದಳು. ಪಕ್ಕದ ಮನೆಯ ತಂಗಮ್ಮನೂ ಕೊತ್ತಂಬರಿ ಸೊಪ್ಪು ಕೇಳಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ತಂಗಮ್ಮ ಗಣಿ ಕಾರ್ಮಿಕರ ಹಳೆಯ ಮನೆಸಾಲುಗಳಲ್ಲಿ ಒಂದಾದ ಮೂರನೇ ಲೈನಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದವಳು, ಊರಿನ ಅರ್ಧ ಮಕ್ಕಳ ಯೂನಿಫಾರಂ ಅವಳ ಕೈಯದು. ವಯಸ್ಸು ಅರವತ್ತೆಂಟು, ಎರಡೂ ಮೊಣಕಾಲು ನೋವು.

“ನೋಡು ಕಣ್ಣು,” ಎಂದಳು ತಂಗಮ್ಮ, ತಮಿಳಿನಲ್ಲಿ ಮುದ್ದಾಗಿ ಕರೆದು, “ಇನ್ನೊಂದ್ಸಲ ಅದು ಕೂಗಿದ್ರೆ ನಾನಂತೂ ಮಿಷನ್ ಬಿಟ್ಟು ಏಳಲ್ಲ. ಆ ಮೆಟ್ಟಿಲಿಳಿದು ಮೈದಾನಕ್ಕೆ ಹೋಗಿ ಬರೋಷ್ಟ್ರಲ್ಲಿ ನನ್ನ ಮಂಡಿ ಎರಡು ದಿನ ಊದಿಕೊಳ್ಳುತ್ತೆ. ನಿಜವಾಗ್ಲೂ ಬಂದ್ರೆ ಬರ್ಲಿ.”

“ಹಾಗನ್ನಬೇಡಿ ತಂಗಮ್ಮಕ್ಕ.”

“ನಾನೊಬ್ಬಳೇ ಅಲ್ಲ. ಲೈನಲ್ಲಿ ಅರ್ಧ ಜನ ಹಾಗೇ ಅಂತಿದಾರೆ.”

ತಂಗಮ್ಮ ಸೊಪ್ಪು ತೆಗೆದುಕೊಂಡು ಹೋದ ಮೇಲೆ ಗಂಗಿರೆಡ್ಡಿ ಅನ್ನ ಕಲಸುತ್ತಾ, “ಏನೇ ಆಗ್ಲಿ ರತ್ನಾ, ಓಡ್ತಿರೋ ಗಾಡೀನ ಬಿಚ್ಚಿ ಹರವಿಕೊಂಡು ಕೂರೋದು ಬೇಡ. ಎರಡು ಸಲ ತಪ್ಪಿರಬಹುದು. ಕಿವಿಯೇ ಇಲ್ಲ ಅನ್ನೋ ಹಾಗಾದ್ರೆ ಊರೆಲ್ಲ ನಿನ್ನ ಮೇಲೆ ಬೀಳ್ತಾರೆ” ಎಂದ.

“ತಪ್ಪಾಗಿ ಕೂಗಿದ್ದು ನಮಗೆ ಗೊತ್ತಾಯ್ತುರೀ. ತಪ್ಪಾಗಿ ಸುಮ್ಮನಿದ್ದರೆ?”

ಅವನು ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ, ಟವೆಲ್ಲಿನಲ್ಲಿ ಬೆರಳು ಒಂದೊಂದಾಗಿ ಒರೆಸುತ್ತಾ ಹೇಳಿದ: “ಆ ವರ್ಷ ನಮ್ಮ ಒಲೆಯ ಮೀಟರ್ ಕೆಟ್ಟಿದ್ದು ನೆನಪಿದೆಯಾ? ಮುಳ್ಳು ಇನ್ನೂರರಲ್ಲೇ ನಿಂತಿತ್ತು. ಆರು ತಿಂಗಳು ನಂಗೆ ಗೊತ್ತೇ ಆಗ್ಲಿಲ್ಲ. ಹಿಟ್ಟು ಸರಿಯಿಲ್ಲ, ಈಸ್ಟ್ ಸರಿಯಿಲ್ಲ ಅಂತ ಎಲ್ಲರ ಮೇಲೂ ರೇಗ್ತಿದ್ದೆ.”

“ಹೇಗೆ ಕಂಡುಹಿಡಿದ್ರಿ?”

“ಒಂದೇ ಸಲ ನಾದಿದ ಹಿಟ್ಟನ್ನ ಹತ್ತು ಟ್ರೇಗೆ ಹಾಕಿ, ಒಂದಾದ ಮೇಲೆ ಒಂದು ಅಷ್ಟೇ ಹೊತ್ತು ಬೇಯಿಸಿದೆ. ಹಿಟ್ಟು ಅದೇ, ಹೊತ್ತು ಅದೇ. ಹತ್ತೂ ಹತ್ತು ಥರ ಬಂದ್ವು. ಹಾಗಾದ್ರೆ ತಪ್ಪು ಒಲೆದೇ ತಾನೆ?”

ಮುನಿರತ್ನ ಮಜ್ಜಿಗೆಯ ಲೋಟ ಕೆಳಗಿಟ್ಟು ಅವನನ್ನೇ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕಿವಿಮನೆಗೆ ಹೊರಟಳು.

ಕಿವಿ ಕೇಳಿದ ಸದ್ದುಗಳೆಲ್ಲ ಡಿಸ್ಕಿನಲ್ಲಿ ಉಳಿದಿದ್ದವು. ನಾಲ್ಕು ವರ್ಷದ ಹಿಂದಿನ ಒಂದು ದೊಡ್ಡ ಏರ್‌ಬ್ಲಾಸ್ಟಿನ ಸದ್ದನ್ನು ಅವಳು ಆರಿಸಿಕೊಂಡಳು. ಆ ದಿನ ಕಿವಿ ಸರಿಯಾಗಿ ಹೇಳಿತ್ತು. ಅದೇ ಸದ್ದನ್ನು ಮತ್ತೆ ಕಿವಿಗೆ ಕೇಳಿಸಿದರೆ ಅದೇ ಉತ್ತರ ಬರಬೇಕು.

ಆದರೆ ಹಳೆಯ ಸದ್ದಿನ ಲೆಕ್ಕ ನಡೆಯುವಾಗ ಕಿವಿ ಹೊಸ ಸದ್ದಿಗೆ ಗಮನ ಕೊಡಲಾರದು. ಒಂದೊಂದು ಪರೀಕ್ಷೆಗೂ ಒಂಬತ್ತು ನಿಮಿಷ ಊರು ಕಿವುಡು. ಅವಳು ಪರೀಕ್ಷೆಗಳನ್ನು ಎರಡು ದಿನಕ್ಕೆ ಹಂಚಿಕೊಂಡಳು. ಪ್ರತಿ ಸಲವೂ ಯಾಕೂಬ್ ಮೈಕುಗಳ ಸದ್ದು ತೋರಿಸುವ ಮೀಟರುಗಳ ಮುಳ್ಳುಗಳ ಮುಂದೆ ಕೂತು, ಯಾವುದಾದರೂ ಜೋರಾಗಿ ಹಾರಿದರೆ ನಿಲ್ಲಿಸಲು ಕಾಯುತ್ತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದಾನೆಂದು ಅವಳು ಕೇಳಲಿಲ್ಲ.

ಹತ್ತು ಪರೀಕ್ಷೆಯಲ್ಲಿ ಒಂಬತ್ತು ಸಲ ‘ಒಡೆಯುತ್ತದೆ’ ಎಂದಿತು. ಏಳನೆಯ ಸಲ ‘ಏನೂ ಇಲ್ಲ’ ಎಂದಿತು.

ಪರದೆಯ ಮೇಲೆ ಎಂದಿನ ಅದೇ ಹಸಿರು ಅಕ್ಷರ. ಎಚ್ಚರಿಕೆಯ ಗೆರೆಯಾಗಲಿ, ಕೆಂಪು ದೀಪವಾಗಲಿ ಏನೂ ಇರಲಿಲ್ಲ. ಆ ದಿನ ಹನ್ನೆರಡು ಮನೆ ಬಿದ್ದಿದ್ದವು. ಅದರ ಸದ್ದನ್ನೇ ಕೇಳಿ ಕಿವಿ ಏನೂ ಇಲ್ಲ ಎನ್ನುತ್ತಿತ್ತು.

ಮುಖ್ಯ ಕಚೇರಿಯಲ್ಲಿ ಅವಳ ಮೇಲಧಿಕಾರಿ ಕಂಠೀರವಯ್ಯ. ಕೆಟ್ಟ ಮನುಷ್ಯನಲ್ಲ, ನಿವೃತ್ತಿಗೆ ಎಂಟು ತಿಂಗಳಿತ್ತು. ಅವಳು ಫೋನು ಮಾಡಿ ಎಲ್ಲವನ್ನೂ ಹೇಳಿದಳು.

“ಹತ್ತಕ್ಕೆ ಒಂದು ತಾನೆ?” ಎಂದರು ಅವರು. “ಹಳೇ ಮೆಷಿನ್ನು, ಇರುತ್ತೆ. ಮುಟ್ಟಬೇಡಿ.”

“ಸರ್, ಸವೆತ ನಿಲ್ಲೋದಿಲ್ಲ. ದಿನಾ ಜಾಸ್ತಿ ಆಗ್ತಾ ಹೋಗುತ್ತೆ.”

“ಆಗುತ್ತೆ ಅಂತ ನಿಮ್ಮ ಊಹೆ. ಹೊಸ ಬಯೋಸ್ ಹಾಕಕ್ಕೆ ಹೋಗಿ ಬೋರ್ಡ್ ಹೋಯ್ತು ಅಂತಿಟ್ಕೊಳ್ಳಿ, ಅದು ಊಹೆಯಲ್ಲ. ನೋಡಿ ಮುನಿರತ್ನ ಅವರೇ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ನೀವು ಮುಟ್ಟದೆ ಅದು ಕೆಟ್ಟರೆ ಮೆಷಿನ್ ಕೆಟ್ಟಿತು ಅಂತಾರೆ. ಮುಟ್ಟಿ ಕೆಟ್ಟರೆ ಮುನಿರತ್ನ ಕೆಡಿಸಿದಳು ಅಂತಾರೆ.”

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಫೋನಿಟ್ಟ ಮೇಲೆ ತುಂಬ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದಳು. ಸುಮ್ಮನಿರುವುದಕ್ಕೆ ಯಾರೂ ಅವಳ ಸಹಿ ಕೇಳುವುದಿಲ್ಲ. ಮುಂದಿನ ಏರ್‌ಬ್ಲಾಸ್ಟು ಹತ್ತರಲ್ಲಿ ಒಂಬತ್ತು ಪಾಲು ಸರಿಯಾಗೇ ಕೇಳಿಸುತ್ತದೆ. ಅದರ ಮುಂದಿನದೂ ಕೇಳಿಸಬಹುದು. ಅಷ್ಟರಲ್ಲಿ ಹೊಸ ವ್ಯವಸ್ಥೆ ಬಂದರೂ ಬಂತು. ಹೀಗೆ ಯೋಚಿಸುತ್ತಾ ಹೋದರೆ ಸುಮ್ಮನಿರುವುದೇ ಜಾಣತನ ಅನ್ನಿಸತೊಡಗಿತು. ಅಷ್ಟು ಬೇಗ ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಹೆದರಿಕೆಯಾಯಿತು.

ಊಹೆ ಎಂದರಲ್ಲ, ಅದನ್ನು ಪರೀಕ್ಷಿಸಿಯೇ ನೋಡೋಣವೆಂದು ಅವಳು ಎರಡು ವಾರ ಬಿಟ್ಟು ಅದೇ ಸದ್ದನ್ನು ಮತ್ತೆ ಹತ್ತು ಸಲ ಕೇಳಿಸಿದಳು. ಈ ಸಲ ಮೂರು ತಪ್ಪಿದವು.

ಮೂರನೆಯ ತಪ್ಪು ಪರದೆಯ ಮೇಲೆ ಬಂದಾಗ ಯಾಕೂಬ್ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತ. “ನನ್ನ ಮಗಳ ಮನೆ ಮೂರನೇ ಲೈನಲ್ಲೇ ಇರೋದು ರತ್ನಮ್ಮ,” ಎಂದ. ಅಷ್ಟೇ ಹೇಳಿ ಬ್ಯಾಟರಿ ಕೋಣೆಗೆ ಹೋದ.

ಅವಳು ಕಂಠೀರವಯ್ಯನವರಿಗೆ ಪತ್ರ ಬರೆದಳು. ಎರಡೂ ಪರೀಕ್ಷೆಗಳ ಫಲಿತಾಂಶವನ್ನು ಲಗತ್ತಿಸಿ, ಕೊನೆಗೆ ಹೀಗೆ ಬರೆದಳು: ‘ಬರುವ ಹದಿನಾಲ್ಕನೆಯ ತಾರೀಖು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊಸ ಬಯೋಸ್ ಅಳವಡಿಸುತ್ತೇನೆ. ಆ ಹೊತ್ತಿನಲ್ಲಿ ಊರಿನವರೆಲ್ಲ ಮೈದಾನದಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಬೇಡವೆಂದು ತಮ್ಮಿಂದ ಲಿಖಿತ ಆದೇಶ ಬಂದರೆ ಮಾತ್ರ ನಿಲ್ಲಿಸುತ್ತೇನೆ.’

ಅವರು ಫೋನು ಮಾಡಿದರು. “ಇದೇನ್ರೀ, ನನ್ನನ್ನ ಇಕ್ಕಟ್ಟಿಗೆ ಸಿಕ್ಕಿಸ್ತಿದೀರ?”

“ಬೇಡ ಅಂತ ಬರೆದುಕೊಡಿ ಸರ್. ಮುಟ್ಟಲ್ಲ.”

ಅವರು “ನಿಮ್ಮ ಪತ್ರ ಬಂದಿದೆ,” ಎಂದು ಮಾತ್ರ ಹೇಳಿ ಇಟ್ಟುಬಿಟ್ಟರು. ಹದಿಮೂರನೆಯ ತಾರೀಖಿನ ಸಂಜೆಯವರೆಗೂ ಆದೇಶ ಬರಲಿಲ್ಲ.

ಭಾನುವಾರ ಚರ್ಚಿನಿಂದ ಬಂದವರು ನೇರವಾಗಿ ಮೈದಾನಕ್ಕೆ ಬಂದರು. ಪುರಸಭೆಯವರು ಹಿಂದಿನ ದಿನವೇ ಆಟೋದಲ್ಲಿ ಮೈಕು ಕಟ್ಟಿಸಿ ಸಾರಿಸಿದ್ದರು. ಗಂಗಿರೆಡ್ಡಿ ಎರಡು ಬುಟ್ಟಿ ಬನ್ನು ಹೊತ್ತು ತಂದಿದ್ದ. “ಹೋಗು, ಇಲ್ಲಿ ನಾನು ನೋಡ್ಕೊಳ್ತೀನಿ,” ಎಂದು ಹೆಂಡತಿಯನ್ನು ಕಳಿಸಿದ. ಅಷ್ಟು ಹೇಳುವಾಗ ಅವಳ ಮುಖ ನೋಡಲಿಲ್ಲ.

ಹನ್ನೊಂದಕ್ಕೆ ಮುನಿರತ್ನ ಕಿವಿಯನ್ನು ನಿಲ್ಲಿಸಿದಳು. ಆರು ವರ್ಷದಿಂದ ಒಂದೇ ಸಮನೆ ಇದ್ದ ಫ್ಯಾನಿನ ಗುಂಯ್‌ಗುಡುವ ಸದ್ದು ನಿಂತಾಗ ಕೋಣೆ ಬೇರೆ ಯಾರದೋ ಅನ್ನುವ ಹಾಗಾಯಿತು. ಪೆನ್‌ಡ್ರೈವ್ ಸಿಕ್ಕಿಸಿ ಮತ್ತೆ ಚಾಲೂ ಮಾಡಿದಳು. ಬಯೋಸಿನ ಪುಟ ತೆರೆಯಿತು. ಫೈಲನ್ನು ಆರಿಸಿ, ಅದರ ಹೆಸರಿನ ಅಂಕಿಗಳನ್ನು ನೋಟೀಸಿನ ಜೊತೆ ಹೋಲಿಸಿ ನೋಡಿದಳು. ಯಾಕೂಬನಿಗೂ ಓದಲು ಹೇಳಿದಳು. ಅವನು ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿದ. ಸರಿಯಿತ್ತು.

‘ಮುಂದುವರಿಯಲೇ?’ ಎಂದು ಪರದೆ ಕೇಳಿತು. ಅವಳು ಹೌದು ಒತ್ತಿದಳು.

ಬಿಳಿ ಪಟ್ಟಿ ನಿಧಾನಕ್ಕೆ ತುಂಬಿಕೊಳ್ಳತೊಡಗಿತು. ಹತ್ತು, ಇಪ್ಪತ್ತೆರಡು, ನಲವತ್ತು. ಅರವತ್ತನಾಲ್ಕಕ್ಕೆ ಬಂದಾಗ ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿತು. ಊರಿಗೇ ಕರೆಂಟು ಹೋಗಿತ್ತು.

ಬ್ಯಾಟರಿಗಳ ಪೆಟ್ಟಿಗೆ ಕೀಂ ಕೀಂ ಎಂದು ಹೊಡೆದುಕೊಳ್ಳತೊಡಗಿತು. ಪರದೆ ಆರಲಿಲ್ಲ. ಯಾಕೂಬ್ ಹಿಂದಿನ ದಿನವಷ್ಟೇ ಎರಡು ಬ್ಯಾಟರಿಗಳನ್ನು ಜೋಡಿಸಿ, ಮೂರು ಸಲ ಮೇನ್ ಸ್ವಿಚ್ ಎಳೆದು ನೋಡಿದ್ದ. ಆದರೂ “ಜನರೇಟರ್ ಹಾಕ್ಲಾ?” ಎಂದ ಪಿಸುಮಾತಿನಲ್ಲಿ.

“ಬೇಡ. ಬದಲಾಯಿಸುವಾಗ ಒಂದು ಕ್ಷಣ ತಪ್ಪಿದರೂ ಕಷ್ಟ. ಬ್ಯಾಟರಿ ಮೇಲೇ ಮುಗೀಲಿ.”

ಎಪ್ಪತ್ತೊಂದು. ಎಂಬತ್ತಾರು. ನೂರು. ಪರದೆ ಕಪ್ಪಾಯಿತು, ಫ್ಯಾನು ತಿರುಗತೊಡಗಿತು. ಬೋರ್ಡು ತಾನೇ ತಾನಾಗಿ ಮತ್ತೆ ಏಳಬೇಕಿತ್ತು.

ಏಳಲಿಲ್ಲ. ಒಂದು ನಿಮಿಷವಾಯಿತು. ಎರಡಾಯಿತು. ಪರದೆ ಕಪ್ಪಾಗಿಯೇ ಇತ್ತು, ಫ್ಯಾನು ಮಾತ್ರ ತಿರುಗುತ್ತಿತ್ತು. ಹೊರಗೆ ಮೈದಾನದ ಕಡೆಯಿಂದ ಮಕ್ಕಳ ಕೂಗಾಟ ಕೇಳುತ್ತಿತ್ತು. ಮೂರು ನಿಮಿಷವಾದಾಗ ಮುನಿರತ್ನಳ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಯಿತು.

“ಮುಟ್ಟಬೇಡಿ,” ಎಂದ ಯಾಕೂಬ್. “ಹತ್ತು ನಿಮಿಷದ ತನಕ ಆಗಬಹುದು, ಸ್ವಿಚ್ ಮುಟ್ಟಬಾರದು ಅಂತ ಬರೆದಿದೆ. ನೀವೇ ಓದಿ ಹೇಳಿದ್ರಿ.”

“ಹೇಳಿದ್ದೆ.”

“ಮತ್ತೆ ಕೈ ತೆಗೀರಿ.”

ಅವಳು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು. ಆರೂವರೆ ನಿಮಿಷಕ್ಕೆ ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿನುಗಿತು. ಬೋರ್ಡಿನ ಹೆಸರು, ಅದರ ಕೆಳಗೆ ಹೊಸ ಬಯೋಸಿನ ಸಂಖ್ಯೆ. ಆಮೇಲೆ ಒಂದೊಂದಾಗಿ ನಲವತ್ತೆಂಟು ಮೈಕುಗಳೂ ಬಂದವು. ಯಾಕೂಬ್ ಗೋಡೆಗೊರಗಿ ಹಾಗೇ ನೆಲಕ್ಕೆ ಕುಸಿದು ಕೂತುಬಿಟ್ಟ. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

ಜನರನ್ನು ಮೈದಾನದಲ್ಲೇ ಕೂರಿಸಿ ಅವಳು ಹಳೆಯ ಸದ್ದನ್ನು ಹತ್ತು ಸಲ ಕೇಳಿಸಿದಳು. ಒಂಬತ್ತು ನಿಮಿಷದ ಲೆಕ್ಕಕ್ಕೆ ಈಗ ಹತ್ತು ನಿಮಿಷ ಬೇಕಾಗುತ್ತಿತ್ತು. ಒಂದು ತಪ್ಪಿತು. ಮುಂದಿನ ವಾರ ಇನ್ನಿಪ್ಪತ್ತು ಸಲ ಕೇಳಿಸಿದಳು, ಮತ್ತೊಂದು ತಪ್ಪಿತು. ಮೂವತ್ತಕ್ಕೆ ಎರಡು. ವೇಗ ಇಳಿದಿದ್ದಕ್ಕೆ ತಪ್ಪೂ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲ. ನೋಟೀಸಿನಲ್ಲಿ ಅದನ್ನೂ ಬರೆದೇ ಇದ್ದರು.

ಇನ್ನು ಉಳಿದದ್ದು ಒಂದೇ ದಾರಿ. ಒಂದೇ ಸದ್ದನ್ನು ಎರಡು ಸಲ ಲೆಕ್ಕ ಹಾಕಿಸುವುದು. ಎರಡೂ ಉತ್ತರ ಒಂದೇ ಆದರೆ ಅದೇ ಸರಿ. ಬೇರೆಬೇರೆಯಾದರೆ ಮೂರನೆಯ ಸಲ ಹಾಕಿಸಿ, ಯಾವುದು ಎರಡು ಸಲ ಬಂತೋ ಅದನ್ನು ನಂಬುವುದು. ಹೀಗೆ ಮಾಡಿದರೆ ನೂರರಲ್ಲಿ ಒಂದು ತಪ್ಪಬಹುದು, ಅಷ್ಟೇ. ಆದರೆ ಹೊತ್ತು ಹೋಗುತ್ತದೆ. ನಲವತ್ತು ನಿಮಿಷ ಸಿಗುತ್ತಿದ್ದ ಜನರಿಗೆ ಮೂವತ್ತು ಸಿಗುತ್ತದೆ. ಮೂರನೆಯ ಲೆಕ್ಕ ಬೇಕಾದರೆ ಬರೀ ಇಪ್ಪತ್ತು.

ಇದನ್ನು ಅವಳು ಶಾಲೆಯ ಹಾಲಿನಲ್ಲಿ ಜನರನ್ನು ಸೇರಿಸಿ ಹೇಳಿದಳು. ಗದ್ದಲವಾಯಿತು. “ಸರಿ ಮಾಡ್ತೀನಿ ಅಂತ ಹೋಗಿ ಅರ್ಧ ಹೊತ್ತು ಕಿತ್ಕೊಂಡ್ರಲ್ಲಮ್ಮ!” ಎಂದು ಹಿಂದಿನಿಂದ ಒಬ್ಬರು ಕೂಗಿದರು. ಆ ಮಾತಿಗೆ ಬಹಳ ಜನ ತಲೆಯಾಡಿಸಿದರು. ಆಗ ಮುಂದಿನ ಬೆಂಚಿನಿಂದ ತಂಗಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು ನಿಂತಳು.

“ಇನ್ಮೇಲೆ ಅದು ಕೂಗಿದ್ರೆ ನಿಜಾನೇನು ಕಣ್ಣು?”

“ನೂರಕ್ಕೆ ಒಂದು ಸಲ ತಪ್ಪಬಹುದು ತಂಗಮ್ಮಕ್ಕ. ತಪ್ಪೋದೇ ಇಲ್ಲ ಅಂತ ನಾನು ಹೇಳಲ್ಲ.”

“ನೂರು ಸಲ ನಾನೆಲ್ಲಿರ್ತೀನಿ,” ಎಂದಳು ತಂಗಮ್ಮ. ಹಾಲಿನಲ್ಲಿ ನಗು ಎದ್ದಿತು. “ಇಪ್ಪತ್ತು ನಿಮಿಷದಲ್ಲಿ ನನ್ನ ಕಾಲು ಮೈದಾನ ಮುಟ್ಟಲ್ಲ. ಯಾರಾದ್ರೂ ಬಂದು ಕರ್ಕೊಂಡು ಹೋಗೋದಾದ್ರೆ ನಾನು ಏಳ್ತೀನಿ.”

ಮಾತು ಅಲ್ಲಿಂದ ಬೇರೆ ಕಡೆ ತಿರುಗಿತು. ನಡೆಯಲಾರದವರು ಯಾವ ಯಾವ ಮನೆಯಲ್ಲಿದ್ದಾರೆ ಎಂದು ಶಾಲೆಯ ಹೆಡ್‌ಮೇಡಂ ಅಲ್ಲೇ ಪಟ್ಟಿ ಮಾಡಿದರು. ಮೂವತ್ತೊಂದು ಜನ. ಆಟೋ ಇದ್ದವರು ಲೈನುಗಳನ್ನು ಹಂಚಿಕೊಂಡರು. ಮೂರನೇ ಲೈನನ್ನು ಗಂಗಿರೆಡ್ಡಿ ತನ್ನ ಬೇಕರಿಯ ಗೂಡ್ಸ್ ಗಾಡಿಗೆ ಬರೆಸಿಕೊಂಡ.

ಜುಲೈ ಕೊನೆಯ ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸೈರನ್ ಕೂಗಿತು.

ಕಿವಿಮನೆ ಗಟ್ಟಿ ಬಂಡೆಯ ಮೇಲಿದ್ದುದರಿಂದ ಮುನಿರತ್ನ, ಯಾಕೂಬ್ ನೆಲ ನಡುಗಿ ಮುಗಿಯುವವರೆಗೆ ಅಲ್ಲೇ ಉಳಿಯಬೇಕೆಂಬುದು ನಿಯಮ. ಕಿಟಕಿಯಿಂದ ಅವಳಿಗೆ ಊರು ಕಾಣುತ್ತಿತ್ತು. ಶಾಲೆಯ ಗೇಟಿನಿಂದ ಮಕ್ಕಳು ಸಾಲಾಗಿ ಹೊರಬಂದರು, ಈ ಸಲ ಕರಿಹಲಗೆ ಇರಲಿಲ್ಲ. ಗೂಡ್ಸ್ ಗಾಡಿ ಮೂರನೇ ಲೈನಿಗೆ ಹೋಗಿ, ಹಿಂದೆ ನಾಲ್ಕು ಜನರನ್ನು ಕೂರಿಸಿಕೊಂಡು ಬಂದಿತು, ಮತ್ತೆ ಹೋಯಿತು. ಎರಡನೆಯ ಸಲ ಹೋದದ್ದು ಬೇಗ ಬರಲಿಲ್ಲ. ಅವಳು ಗಡಿಯಾರ ನೋಡಿದಳು. ಹದಿಮೂರು ನಿಮಿಷವಾಗಿತ್ತು. ಹದಿನೈದಕ್ಕೆ ಗಾಡಿ ತಿರುವಿನಲ್ಲಿ ಕಾಣಿಸಿತು. ಹಿಂದೆ ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ತಂಗಮ್ಮ ಕೂತಿದ್ದಳು, ಪಕ್ಕದಲ್ಲಿ ಯಾಕೂಬನ ಮಗಳು ಮಗುವನ್ನು ಅವಚಿಕೊಂಡಿದ್ದಳು.

ಮೂರು ಮೂವತ್ತೆರಡಕ್ಕೆ ನೆಲ ಎದ್ದು ಬಿದ್ದಿತು. ಕಿವಿಮನೆಯ ಗಾಜುಗಳು ಗಲಗಲ ಎಂದವು. ಮೂರನೇ ಲೈನಿನ ಮೇಲೆ ಕೆಂಪು ಧೂಳಿನ ಮೋಡವೊಂದು ಏಳುವುದು ಕಾಣಿಸಿತು. ಅದು ಇಳಿದಾಗ ಲೈನಿನ ಅರ್ಧ ಇರಲಿಲ್ಲ. ಹದಿನಾಲ್ಕು ಮನೆ, ತಂಗಮ್ಮನ ಅಂಗಡಿಯ ಸೂರು, ಶಾಲೆಯ ಒಂದು ಪಕ್ಕದ ಗೋಡೆ. ಓಡುವಾಗ ಚರಂಡಿಗೆ ಬಿದ್ದು ಒಬ್ಬನ ಕಾಲು ಮುರಿದಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಯಾಕೂಬ್ ಮಗಳಿಗೆ ಫೋನು ಹಚ್ಚುತ್ತಾ ಹೊರಗೆ ಹೋದ ಮೇಲೆ ಮುನಿರತ್ನ ಕಿವಿಯ ದಾಖಲೆ ತೆರೆದಳು. ಬಂಡೆ ಕಿರಗುಟ್ಟಲು ಶುರುವಾದದ್ದು ಎರಡು ನಲವತ್ತಕ್ಕೆ. ಅದರ ಕೆಳಗೆ ಮೂರು ಸಾಲುಗಳಿದ್ದವು.

ಮೊದಲನೆಯ ಲೆಕ್ಕ: ಏನೂ ಇಲ್ಲ.

ಎರಡನೆಯದು: ಒಡೆಯುತ್ತದೆ.

ಮೂರನೆಯದು: ಒಡೆಯುತ್ತದೆ.

ಅವಳು ಆ ಮೊದಲ ಸಾಲನ್ನೇ ನೋಡುತ್ತಾ ಕೂತಳು. ಒಂದು ತಿಂಗಳ ಹಿಂದೆ ಆಗಿದ್ದರೆ ಕಿವಿ ಆ ಸಾಲನ್ನಷ್ಟೇ ಬರೆದು ಸುಮ್ಮನಾಗುತ್ತಿತ್ತು. ಶಾಲೆಯಲ್ಲಿ ಆ ಹೊತ್ತಿಗೆ ಏಳನೇ ಪೀರಿಯಡ್ಡು ನಡೆಯುತ್ತಿರುತ್ತಿತ್ತು.

ಫೋನು ಬಂತು, ಕಂಠೀರವಯ್ಯ. ಸುದ್ದಿ ಆಗಲೇ ತಲುಪಿತ್ತು. “ಎಲ್ಲರೂ ಕ್ಷೇಮ ಅಂತ ಕೇಳ್ದೆ. ಒಳ್ಳೇ ಕೆಲಸ ಆಯ್ತು ಕಣ್ರೀ. ಹಾಗಾದ್ರೆ ಮೆಷಿನ್ ಪೂರ್ತಿ ಸರಿಯಾಗಿದೆ ಅಂತ ರಿಪೋರ್ಟ್ ಹಾಕ್ಲಾ?”

“ಇಲ್ಲ ಸರ್. ಇವತ್ತೂ ಒಂದು ಸಲ ತಪ್ಪು ಹೇಳಿದೆ. ದಾಖಲೆ ಕಳಿಸ್ತೀನಿ, ಅದನ್ನ ಹಾಗೇ ಹಾಕಿ. ಹೊಸದು ಬೇಗ ಬೇಕು.”

ಆ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. “ಕಳಿಸಿ,” ಎಂದರು ಕಂಠೀರವಯ್ಯ. “ನಾಳೆ ಆ ಫೈಲು ನಾನೇ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ.”

ಒಂದು ಏರ್‌ಬ್ಲಾಸ್ಟಿನ ಹಿಂದೆಯೇ ಇನ್ನೊಂದು ಬರುವುದುಂಟು. ಮುನಿರತ್ನ ಫೋನು ಮುಗಿಸಿ ಒಳಗೆ ಬಂದ ಯಾಕೂಬನಿಗೆ ಕಿವಿಯನ್ನು ಒಪ್ಪಿಸಿ ಮೈದಾನಕ್ಕೆ ಇಳಿದು ಬಂದಳು. ಜನ ಗುಂಪುಗುಂಪಾಗಿ ಕೂತಿದ್ದರು. ಮನೆ ಬಿದ್ದವರ ಸುತ್ತ ಮನೆ ಉಳಿದವರು ಸೇರಿಕೊಂಡಿದ್ದರು. ಗಂಗಿರೆಡ್ಡಿ ಮೈಯೆಲ್ಲ ಧೂಳು ಮೆತ್ತಿಕೊಂಡು ಗಾಡಿಯ ಗಾಲಿಗೆ ಒರಗಿದ್ದವನು, ಅವಳು ಬರುವುದನ್ನು ನೋಡಿ ಎದ್ದು ನಿಂತ. ಅವಳ ತಲೆಯ ಮೇಲಿನ ಧೂಳನ್ನು ಕೈಯಿಂದ ಕೊಡವಿದ.

“ಮನೆಗೆ ಹೋಗಬಹುದಾ?” ಎಂದು ಯಾರೋ ಕೇಳಿದರು. ಎಲ್ಲರೂ ಅವಳ ಕಡೆ ತಿರುಗಿದರು.

“ಇನ್ನೂ ಇಲ್ಲ,” ಎಂದಳು ಮುನಿರತ್ನ. “ಒಂದು ಸಲ ಲೆಕ್ಕ ಆಗಿದೆ, ಏನೂ ಇಲ್ಲ ಅಂದಿದೆ. ಇನ್ನೊಂದು ಸಲ ಆಗಲಿ.”

ಯಾರೂ ಏಳಲಿಲ್ಲ. ಅವಳೂ ಅವರ ನಡುವೆ ನೆಲದ ಮೇಲೆ ಕೂತಳು.